ನಮ್ಮ ಬೇವಿನ ಗಿಡದ ಸೀತಾಳೆ ದಂಡೆ

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಚೀಲದೊಳಗಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ಏನಾದರೂ ಸಿಹಿ ತಿನಿಸು ಇರಬೇಕೆಂದು ಮುಚ್ಚಳ ತೆಗೆದೆ. ಅನಾನಸ್ ಹಣ್ಣಿನ ತಲೆಯ ಮೇಲಿನ ಜುಟ್ಟನ್ನು ಯಾರೋ ಚಿಕ್ಕದಾಗಿ ಮಾಡಿ ಇಟ್ಟಂತಿತ್ತು. ಕುಂಡವಿಲ್ಲ, ಮಣ್ಣಿಲ್ಲ, ಬೇರು ಎಂಬುದೂ ನೆಪಕ್ಕೆ ನಾಲ್ಕು ಎಳೆ.

“ಅಮ್ಮಾ, ಇದಕ್ಕ ಏರ್ ಪ್ಲಾಂಟ್ ಅಂತಾರ. ಗಾಳಿ ಕುಡದು ಬದುಕ್ತದ. ಮಣ್ಣೂ ಬ್ಯಾಡ, ಗೊಬ್ಬರಾನೂ ಬ್ಯಾಡ. ಇಷ್ಟಕ್ಕ ಮುನ್ನೂರು ರೂಪಾಯಿ,” ಅಂದಳು.

ನನಗೆ ನಗು ಬಂತು. “ಗಾಳಿ ಕುಡದು ಯಾವ ಜೀವಾನೂ ಬದುಕಂಗಿಲ್ಲವ್ವ. ಅದಕ್ಕ ಏನು ಬೇಕು ಅಂತ ನಮಗ ತಿಳಿಯೂದಿಲ್ಲ, ಅಷ್ಟ. ಹಿತ್ತಲಕ್ಕ ಹೋಗಿ ನೋಡು, ನಿಮ್ಮ ಅಜ್ಜಿಯ ಗಿಡ ನಿನಗಿಂತ ಹಿರೇದದ,” ಅಂದೆ.

ಹಿತ್ತಲಲ್ಲಿರುವುದು ನಮ್ಮ ಬೇವಿನ ಗಿಡ. ಅದರ ಕಾಂಡದ ಮೇಲೆ, ನನ್ನ ಎದೆಮಟ್ಟದಿಂದ ಕೈಗೆಟುಕುವ ಎತ್ತರದವರೆಗೆ ಹಬ್ಬಿರುವುದೇ ಸೀತಾಳೆ ದಂಡೆ. ಆ ಗಿಡ ಈ ಊರಿನದಲ್ಲ. ನಾನೂ ಈ ಊರಿನವಳಲ್ಲ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಶಹಾಪುರಕ್ಕೆ ಬಂದಿಳಿದವರು.

ನನ್ನ ತಂದೆ ಮೂಲತಃ ಈ ಕಡೆಯವರೇ. ಆದರೆ ಸರಕಾರಿ ನೌಕರಿಯಿಂದಾಗಿ ಶಿರಸಿಗೆ ಹೋಗಿ ಅಲ್ಲೇ ನಿಂತುಬಿಟ್ಟರು. ನಾನು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ನಮ್ಮ ಮನೆಯ ಹಿಂದೆ ಒಂದು ಹಳೆಯ ಮಾವಿನ ಮರವಿತ್ತು. ಅದರ ಟೊಂಗೆ ಟೊಂಗೆಗೂ ಸೀತಾಳೆ ದಂಡೆ. ವರ್ಷವಿಡೀ ಅದನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಮೇ ಕೊನೆಗೆ ಮೊದಲ ಮಳೆ ಬಿದ್ದು ಹೂವಾಯಿತೆಂದರೆ ಮಾತ್ರ ಓಣಿಯ ಹುಡುಗಿಯರೆಲ್ಲ ಮರದ ಕೆಳಗೇ. ಬಿಳಿಯ ಹೂವು, ಮೇಲೆ ನೇರಳೆ-ಗುಲಾಬಿ ಚುಕ್ಕಿ. ಒಂದೊಂದು ಹೂವೂ ಬೆರಳಿನ ಉಗುರಿನಷ್ಟು. ಅಂಥವು ನೂರಾರು ಒತ್ತೊತ್ತಾಗಿ ಒಂದೇ ದಂಟಿನಲ್ಲಿ ಜೋಡಿಸಿಕೊಂಡು ಒಂದು ಗೇಣಿಗೂ ಉದ್ದಕ್ಕೆ ಇಳಿಬಿದ್ದಿರುತ್ತವೆ. ಸೂಜಿ ದಾರ ಬೇಕಿಲ್ಲ, ಪೋಣಿಸುವ ಕೆಲಸವಿಲ್ಲ. ಹಾಗೇ ಮುರಿದು ತುರುಬಿಗೆ ಸುತ್ತಿದರೆ ದಂಡೆಯೇ. ವನವಾಸದಲ್ಲಿ ಸೀತಮ್ಮ ಮುಡಿದಿದ್ದಳಂತೆ, ಅದಕ್ಕೇ ಈ ಹೆಸರೆಂದು ಅಮ್ಮ ಹೇಳುತ್ತಿದ್ದಳು. ಮರಾಠಿಯವರೂ ಇದನ್ನು ಸೀತೆಯ ವೇಣಿ ಎನ್ನುತ್ತಾರೆ. ದೂರದ ಅಸ್ಸಾಮಿನಲ್ಲಿ ಬಿಹು ಹಬ್ಬದ ಕುಣಿತಕ್ಕೆ ಹೆಣ್ಣುಮಕ್ಕಳು ಮುಡಿಯುವುದೂ ಇದೇ ಹೂವು. ಅಲ್ಲಿ ಇದಕ್ಕೆ ಕೊಪೌ ಎಂದು ಹೆಸರು, ಅದೇ ಅವರ ರಾಜ್ಯದ ಹೂವು. ಸಸ್ಯಶಾಸ್ತ್ರದವರು ಇದನ್ನು ರಿಂಕೋಸ್ಟೈಲಿಸ್ ರೆಟೂಸ ಎಂದು ಕರೆದು ಆರ್ಕಿಡ್ ಜಾತಿಗೆ ಸೇರಿಸಿದ್ದಾರೆ. ನಾಲಿಗೆ ತಿರುಗದವರು ಸೀತಾಳೆ ಅಂದರೆ ಸಾಕು.

1984ರಲ್ಲಿ ನನ್ನ ಮದುವೆಯಾಯಿತು. ಸಂಬಂಧದೊಳಗೇ ಶಹಾಪುರಕ್ಕೆ ಕೊಟ್ಟರು. ಆಗ ಇದು ಗುಲಬರ್ಗಾ ಜಿಲ್ಲೆ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಹೊರಡುವ ಹೊತ್ತಿಗೆ ಅಮ್ಮ, ಗಾಳಿಗೆ ಮುರಿದುಬಿದ್ದಿದ್ದ ಮಾವಿನ ಕೊಂಬೆಯ ತುಂಡೊಂದನ್ನು ಅದಕ್ಕಂಟಿಕೊಂಡಿದ್ದ ಸೀತಾಳೆಯ ಸಮೇತ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಕೊಟ್ಟಳು. “ಅಲ್ಲಿ ಹೂವಿಗೆ ಬರಗಾಲವಂತೆ. ಇದೊಂದಿರಲಿ,” ಅಂದಳು. ಹುಬ್ಬಳ್ಳಿ, ಗದಗ, ಲಿಂಗಸೂಗೂರು ದಾಟಿ, ಕೃಷ್ಣೆಯನ್ನೂ ದಾಟಿ, ಸುರಪುರದ ಗುಡ್ಡಗಳ ಪಕ್ಕದಿಂದ ಬಸ್ಸು ಶಹಾಪುರ ಮುಟ್ಟುವಾಗ ನನ್ನ ತೊಡೆಯ ಮೇಲಿದ್ದ ಗೋಣಿತಟ್ಟು ಒಣಗಿ ಗರಿಗರಿಯಾಗಿತ್ತು. ಊರ ಪಕ್ಕದ ಗುಡ್ಡ ಮಲಗಿದ ಬುದ್ಧನಂತೆ ಕಾಣುತ್ತದೆಂದು ಇವರು ತೋರಿಸಿದರು. ನನ್ನ ಕಣ್ಣಿಗೆ ಬರೀ ಬಂಡೆ ಕಂಡಿತು.

ಅತ್ತಿ ಬಾಗಿಲಲ್ಲೇ ಗಂಟು ಬಿಚ್ಚಿಸಿದರು. ಕೊಂಬೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

“ಯವ್ವಾ, ಬದನಿಕಿ! ಬದನಿಕಿ ಯಾರರೆ ಮನಿಗಿ ತರ್ತಾರೇನು? ಬೇವಿನ ಗಿಡಕ್ಕ ಹತ್ತಿತಂದ್ರ ಗಿಡಾನ ತಿಂದು ಹಾಕ್ತದ. ನಿಮ್ಮ ಮಾವ ಹಚ್ಚಿದ ಗಿಡ ಅದು.”

ಮಾವನವರು ತೀರಿಕೊಂಡು ಆಗಿನ್ನೂ ಎರಡು ವರ್ಷವೂ ಆಗಿರಲಿಲ್ಲ. ಬೇವಿನ ಗಿಡ ಅತ್ತಿಗೆ ಬರೀ ಗಿಡವಾಗಿರಲಿಲ್ಲ ಎಂಬುದು ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಆ ದಿನ ನನಗೆ ತಿಳಿದದ್ದು ಇಷ್ಟೇ: ತವರಿನಿಂದ ತಂದದ್ದನ್ನು ಹೊಸ್ತಿಲಲ್ಲೇ ಬದನಿಕೆ ಅಂದರು.

ಅವರ ಮಾತಿನಲ್ಲಿ ಪೂರ್ತಿ ತಪ್ಪೂ ಇರಲಿಲ್ಲ. ಬದನಿಕೆ, ಅಂದರೆ ಬಂದಳಿಕೆ, ಮರದ ಮೇಲೆ ಬೆಳೆಯುವುದು ನಿಜ, ಮರವನ್ನು ಸೊರಗಿಸುವುದೂ ನಿಜ. ಅದರ ಹಣ್ಣು ತಿನ್ನುವ ಪುಟ್ಟ ಹಕ್ಕಿಗೂ ಬದನಿಕೆ ಎಂದೇ ಹೆಸರು. ಹಣ್ಣಿನ ಬೀಜ ಅಂಟಂಟು. ಹಕ್ಕಿ ಅದನ್ನು ಕೊಂಬೆಗೆ ಒರೆಸಿ ಹಾರಿಹೋಗುತ್ತದೆ. ಬೀಜ ಮೊಳೆತು, ತೊಗಟೆ ತೂತು ಮಾಡಿ, ಬೇರನ್ನು ಒಳಗಿಳಿಸಿ ಮರದ ರಸ ಹೀರುತ್ತದೆ. ಸೀತಾಳೆ ಹಾಗಲ್ಲ. ಅದರ ಬೇರು ತೊಗಟೆಯ ಮೇಲೆ ಅಪ್ಪಿ ಹಿಡಿಯುತ್ತದೆ, ಒಳಗೆ ಇಳಿಯುವುದಿಲ್ಲ. ನೀರು ಮಳೆಯಿಂದ ಮತ್ತು ಮಂಜಿನಿಂದ, ಗೊಬ್ಬರ ತೊಗಟೆಯ ಸಂದಿಯಲ್ಲಿ ಕೊಳೆತ ಎಲೆ, ಧೂಳು, ಹಕ್ಕಿಯ ಹಿಕ್ಕೆಯಿಂದ. ಮರ ಕೊಡುವುದು ನಿಲ್ಲಲು ಜಾಗ, ಅಷ್ಟೇ. ಆದರೆ ಇಪ್ಪತ್ತರ ಹುಡುಗಿ, ಮದುವೆಯಾಗಿ ಬಂದ ಮೊದಲ ದಿನ, ಇದನ್ನೆಲ್ಲ ಅತ್ತೆಗೆ ವಿವರಿಸಿ ಹೇಳುವುದುಂಟೇ? ನನಗೇ ಗೊತ್ತಿರಲಿಲ್ಲ.

ಸುಮ್ಮನೆ ಒಂದು ಮಣ್ಣಿನ ಕುಂಡಕ್ಕೆ ಎರೆಮಣ್ಣು ತುಂಬಿ, ತುಳಸಿ ನೆಡುವ ಹಾಗೆ ನೆಟ್ಟೆ. ದಿನಾ ನೀರು ಹಾಕಿದೆ. ಸಗರನಾಡಿನ ಎರೆಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಜೋಳಕ್ಕೆ, ತೊಗರಿಗೆ ಬಂಗಾರ, ಸೀತಾಳೆಗೆ ಗೋರಿ. ಒಂದೂವರೆ ತಿಂಗಳಲ್ಲಿ ಬೇರೆಲ್ಲ ಕಪ್ಪಾಗಿ ಮೆತ್ತಗಾಗಿ ಹೋಯಿತು. ಅತ್ತಿ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ನನಗೆ ಹೆಚ್ಚು ನೋವಾಯಿತು.

ಎರಡು ವರ್ಷದ ಮೇಲೆ ಚೊಚ್ಚಲ ಬಾಣಂತನ ಮುಗಿಸಿ ಬರುವಾಗ ಅಮ್ಮ ಇನ್ನೊಂದು ತುಂಡು ಕೊಟ್ಟಳು. “ಮಣ್ಣಿಗೆ ಹಾಕಬೇಡ, ಕಟ್ಟಿಗೆಗೆ ಕಟ್ಟು,” ಅಂದಳು. ಈ ಸಲ ಒಂದು ಕಟ್ಟಿಗೆಗೆ ಕಟ್ಟಿ ಮಾಳಿಗೆಯ ಮೇಲೆ ತೂಗುಹಾಕಿದೆ. ಮಳೆಗಾಲ, ಚಳಿಗಾಲ ಚೆನ್ನಾಗಿತ್ತು. ಏಪ್ರಿಲ್ ಬಂತು ನೋಡಿ! ಶಿರಸಿಯಲ್ಲಿ ಬೀಳುವ ಮಳೆ ನಮ್ಮಲ್ಲಿಯ ಮಳೆಗಿಂತ ಮೂರು ಪಟ್ಟಿಗೂ ಹೆಚ್ಚು, ನಮ್ಮ ಬಿಸಿಲೋ 42, 43 ಡಿಗ್ರಿ. ಮಧ್ಯಾಹ್ನದ ಗಾಳಿ ಒಲೆಯ ಬಾಯಿಂದ ಬಂದಂತೆ. ಎಲೆ ಬಾಡಿ ತೊಗಲಿನಂತಾಯಿತು. ಗಾಬರಿಯಾಗಿ ದಿನಕ್ಕೆ ನಾಲ್ಕು ಸಲ ಬೋರಿಂಗಿನ ಸವಳು ನೀರು ಎರಚಿದೆ. ಬೇರಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕೂತಿತು. ಸಾಲದ್ದಕ್ಕೆ ಯಾರೋ ಹೇಳಿದರೆಂದು ಒಂದು ಚಮಚ ಯೂರಿಯಾ ಕರಗಿಸಿ ಹಾಕಿದೆ. ಎಲೆಯ ತುದಿ ಸುಟ್ಟ ರೊಟ್ಟಿಯಂತೆ ಕಪ್ಪಾಯಿತು. ಮೇ ಮುಗಿಯುವುದರೊಳಗೆ ಅದೂ ಹೋಯಿತು. ಆಮೇಲೆ ನಾನು ಅಮ್ಮನಿಗೆ ಇನ್ನೊಂದು ತುಂಡು ಕೇಳಲೇ ಇಲ್ಲ. ಕಾಗದ ಬರೆದಾಗೆಲ್ಲ “ಸೀತಾಳೆ ಹೇಗಿದೆ?” ಎಂದು ಕೇಳುತ್ತಿದ್ದಳು. “ಚೆನ್ನಾಗಿದೆ,” ಎಂದೇ ಬರೆದೆ. ತವರಿಗೆ ಬರೆಯುವ ಕಾಗದದಲ್ಲಿ ನಾವು ಬರೆಯುವ ಸುಳ್ಳುಗಳ ಲೆಕ್ಕ ದೇವರೇ ಇಟ್ಟಿರಬೇಕು.

1991ರಲ್ಲಿ ಅಮ್ಮ ಹೋದಳು. ಮರುವರ್ಷ ಶಿರಸಿಯ ಮನೆ ಮಾರಿದ್ದಾಯಿತು. ಕೊಂಡವರು ಹೊಸ ಮನೆ ಕಟ್ಟಲು ಮಾವಿನ ಮರ ಕಡಿಸಿದರು. ತಮ್ಮ ಅಲ್ಲಿ ನಿಂತು ಒಂದು ಗೊಂಚಲು ಬಿಡಿಸಿಕೊಂಡು ದೀಪಾವಳಿಗೆ ನಮ್ಮಲ್ಲಿಗೆ ತಂದ. “ಅಕ್ಕಾ, ಇದೊಂದೇ ಉಳಿದದ್ದು,” ಅಂದ. ಕೈಯಲ್ಲಿ ಹಿಡಿದು ನಿಂತೆ. ಇದು ಸತ್ತರೆ ಕೇಳಲು ಇನ್ನು ಯಾರೂ ಇಲ್ಲ, ಕಾಗದದಲ್ಲಿ ಸುಳ್ಳು ಬರೆಯಲೂ ಯಾರೂ ಇಲ್ಲ.

ಪಡಸಾಲೆಯ ಮೂಡಣ ಕಿಟಕಿಗೆ ತೂಗುಹಾಕಿದೆ. ಚಳಿಗಾಲ ಕಳೆಯಿತು. ಮಾರ್ಚಿನಲ್ಲಿ ಇವರಿಗೆ ಹೊಟ್ಟೆನೋವು ಶುರುವಾಗಿ, ಆಪರೇಷನ್ನೇ ಆಗಬೇಕೆಂದರು. ಮಗಳನ್ನು ಅತ್ತಿಯ ಬಳಿ ಬಿಟ್ಟು ಹುಬ್ಬಳ್ಳಿಗೆ ಹೋದೆವು. ಹತ್ತು ದಿನಕ್ಕೆಂದು ಹೋದವರು ನಲವತ್ತು ದಿನ ಉಳಿಯಬೇಕಾಯಿತು. ಹೊರಡುವ ಗಡಿಬಿಡಿಯಲ್ಲಿ ಗಿಡದ ನೆನಪೇ ಆಗಲಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ನೆನಪಾಯಿತು. ಗಂಡ ಹಾಸಿಗೆಯಲ್ಲಿರುವಾಗ ಗಿಡಕ್ಕೆ ನೀರು ಹಾಕಿರೆಂದು ಅತ್ತಿಗೆ ಹೇಳಿ ಕಳಿಸುವುದೇ? ಅದೂ ಬದನಿಕೆಗೆ? ಹೋಯಿತು ಎಂದುಕೊಂಡೆ. ಅಮ್ಮ ಹೋದಾಗ ಬಾರದಿದ್ದ ಅಳು ಆ ರಾತ್ರಿ ಬಂತು.

ಏಪ್ರಿಲ್ ಕೊನೆಗೆ ಇವರನ್ನು ಕರೆದುಕೊಂಡು ಮನೆಗೆ ಬಂದೆ. ಕಿಟಕಿ ಖಾಲಿ. ನಾನು ಕೇಳಲಿಲ್ಲ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವಳು ಹಾಗೇ ನಿಂತೆ.

ನಮ್ಮಲ್ಲಿ ಬೇಸಿಗೆಯಲ್ಲಿ ಬೇವಿನ ಗಿಡದ ಬುಡಕ್ಕೆ ಉಸುಕು ಹಾಸಿ, ಅದರ ಮೇಲೆ ರಂಜಣಗಿ ಇಡುತ್ತೇವೆ. ರಂಜಣಗಿ ಸದಾ ಬೆವರುತ್ತಿರುತ್ತದೆ, ಉಸುಕು ಸದಾ ಹಸಿ. ಮನೆಯಲ್ಲೆಲ್ಲ ತಂಪಾದ ಜಾಗ ಅದೊಂದೇ. ಆ ರಂಜಣಗಿಯ ಮೇಲುಗಡೆ, ಬೇವಿನ ಕಾಂಡಕ್ಕೆ, ಅತ್ತಿಯ ಹಳೇ ಇಳಕಲ್ ಸೀರೆಯ ಚಿಂದಿಯಿಂದ ಕಟ್ಟಿದ್ದ ಸೀತಾಳೆ. ಎರಡು ಹೊಸ ಬೇರು ಹಸಿರು ಮೂತಿ ಚಾಚಿಕೊಂಡು ತೊಗಟೆಯ ಮೇಲೆ ಹರಿದಿದ್ದವು.

ಅತ್ತಿ ಹಿಂದೆ ಬಂದು ನಿಂತಿದ್ದರು.

“ಕಿಟಕ್ಯಾಗ ಬಾಡಿತ್ತು. ಕೂಸು ಅಳಾಕ ಹತ್ತಿತ್ತು, ಅಮ್ಮನ ಗಿಡ ಸಾಯ್ತದ ಅಂತ. ಎಲ್ಲಿ ಇಡ್ಲಿ? ಇಲ್ಲೇ ತಂಪದ ಅಂತ ಕಟ್ಟಿನಿ. ದಿನಾ ರಂಜಣಗಿ ನೀರು ಒಂದೊಂದು ಚರಗಿ ಹಾಕೀನಿ.”

“ಬೇವಿನ ಗಿಡಕ್ಕ...” ಅಂದೆ, ಮುಂದೆ ಮಾತು ಬರಲಿಲ್ಲ.

“ನೋಡೀನಿ ನಾ. ಬೇರು ಎತ್ತಿ ನೋಡೀನಿ. ತೊಗಟಿ ಒಳಗ ಹೋಗಿಲ್ಲ. ಮ್ಯಾಲ ಹಿಡಕೊಂಡದ, ಅಷ್ಟ. ಇದು ಬದನಿಕಿ ಅಲ್ಲವ್ವ. ಅವತ್ತ ನಾ ಹಂಗ ಅನಬಾರದಿತ್ತು.”

ಒಂಬತ್ತು ವರ್ಷದ ಹಿಂದಿನ ಮಾತನ್ನು ಅವರು ನೆನಪಿಟ್ಟುಕೊಂಡಿದ್ದರು. ನಾನೊಬ್ಬಳೇ ನೆನಪಿಟ್ಟುಕೊಂಡಿದ್ದೇನೆಂದು ತಿಳಿದಿದ್ದೆ.

ಮುಂದೆ ಮಗಳು ಕಾಲೇಜಿನಲ್ಲಿ ಓದುವಾಗ ಒಂದು ಸ್ವಾರಸ್ಯದ ಸಂಗತಿ ಹೇಳಿದಳು. ಆರ್ಕಿಡ್‌ಗಳಲ್ಲಿ ‘ವಂದಾ’ ಎಂಬ ದೊಡ್ಡ ಪಂಗಡವೇ ಇದೆಯಂತೆ. ನಮ್ಮ ಸೀತಾಳೆಯ ಸೋದರ ಸಂಬಂಧಿ ಅದು. ಆ ಹೆಸರು ಸಂಸ್ಕೃತದ್ದು, ಮರದ ಮೇಲೆ ಬೆಳೆಯುವ ಗಿಡಕ್ಕೆ ಇದ್ದ ಹಳೆಯ ಮಾತು. ಬದನಿಕೆಗೂ ಸಂಸ್ಕೃತದಲ್ಲಿ ಅಂಥದೇ ಹೆಸರು. ಹಿಂದಿನವರೇ ಎರಡನ್ನೂ ಒಂದೇ ಮಾತಿನಲ್ಲಿ ಕರೆದಿರುವಾಗ ಅತ್ತಿಯದೇನು ತಪ್ಪು?

ಮೊದಲ ಹೂವು ಬಿಟ್ಟದ್ದು 1996ರ ಜೂನಿನಲ್ಲಿ. ಒಂದೇ ಒಂದು ದಂಟು. ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಗಳು ಮಾಡಿದ ಮಣ್ಣಿನ ಎತ್ತುಗಳ ಕೊರಳಿಗೆ ಅತ್ತಿ ಆ ಹೂದಂಟನ್ನು ಎರಡು ತುಂಡು ಮಾಡಿ ಹಾಕಿದರು. ನನಗೆ ಒಳಗೊಳಗೇ ಸಂಕಟ. ಹನ್ನೆರಡು ವರ್ಷ ಕಾದು ಬಂದ ಹೂವು ಮಣ್ಣಿನ ಎತ್ತಿಗೆ ಹೋಯಿತಲ್ಲ! ಆದರೆ ಪೂಜೆಯಾದ ಮೇಲೆ ಅವರೇ ಅದನ್ನು ತೆಗೆದು ತಂದು ನನ್ನ ತುರುಬಿಗಿಟ್ಟರು. “ನೀವೂ ಒಂದೆಳೆ ಮುಡೀರಿ ಅತ್ತಿ,” ಅಂದೆ. “ನನಗ್ಯಾಕವ್ವ ಹೂವು,” ಎಂದು ನಕ್ಕು ಒಳಗೆ ಹೋದರು. ಆ ಕಾಲದವರು. ಮಾವನವರು ಹೋದ ದಿನವೇ ಹೂವು ಬಿಟ್ಟಿದ್ದರು. ವರ್ಷ ವರ್ಷವೂ ಕೇಳುತ್ತಿದ್ದೆ, ವರ್ಷ ವರ್ಷವೂ ಅದೇ ಉತ್ತರ. ಮೂಸಿ ನೋಡಿ ತಿರುಗಿ ನನ್ನ ಕೈಗೇ ಕೊಡುತ್ತಿದ್ದರು.

ಇನ್ನು ಬೆಳೆಸುವ ಬಗೆ ಹೇಳುತ್ತೇನೆ. ಎರಡು ಗಿಡ ಕೊಂದು ಕಲಿತ ಪಾಠ ಇದು. ನೀವು ಕೊಲ್ಲದೆಯೇ ಕಲಿಯಬಹುದು.

ಗಿಡ ಎಲ್ಲಿಂದ ತರಬೇಕು?

ಕಾಡಿನ ಮರದಿಂದ ಕಿತ್ತು ತರಬೇಡಿ, ಕಿತ್ತು ಮಾರುವವರಿಂದ ಕೊಳ್ಳಲೂಬೇಡಿ. ಇದರ ಬೀಜ ಧೂಳಿನಷ್ಟು ಸಣ್ಣದು. ಒಂದು ಜಾತಿಯ ಬೂಷ್ಟಿನ ನೆರವಿಲ್ಲದೆ ಅದು ಮೊಳೆಯುವುದಿಲ್ಲ. ಮೊಳೆತದ್ದು ಹೂಬಿಡಲು ಎಷ್ಟೋ ವರ್ಷ ಬೇಕು. ಹಾಗಾಗಿ ಕಾಡಿನಲ್ಲಿ ಒಂದು ಹೋದರೆ ಅದರ ಜಾಗಕ್ಕೆ ಇನ್ನೊಂದು ಸುಲಭಕ್ಕೆ ಬರುವುದಿಲ್ಲ. ಆರ್ಕಿಡ್‌ಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರಲು ಅಂತರರಾಷ್ಟ್ರೀಯ ಕಟ್ಟಳೆಯೇ ಇದೆ. ಈಗ ಪ್ರಯೋಗಶಾಲೆಯಲ್ಲಿ ಸೀಸೆಯೊಳಗೆ ಬೆಳೆಸಿದ ಸಸಿಗಳು ನರ್ಸರಿಗಳಲ್ಲಿ ಸಿಗುತ್ತವೆ. ಇಲ್ಲವೇ ಬೆಳೆಸಿದವರ ಮನೆಯಿಂದ ಒಂದು ಮರಿ ಕೇಳಿ ತನ್ನಿ. ಬುಡದಲ್ಲಿ ಒಡೆದ ಮರಿಗೆ ಮೂರು ನಾಲ್ಕು ಸ್ವಂತ ಬೇರು ಬಂದ ಮೇಲೆಯೇ ಬೇರ್ಪಡಿಸಬೇಕು.

ಎಲ್ಲಿ, ಯಾವಾಗ ಕಟ್ಟಬೇಕು?

ಮಳೆಗಾಲದ ಆರಂಭ ಒಳ್ಳೆಯದು. ಆಗ ಹೊಸ ಬೇರು ಓಡುವ ಕಾಲ. ಒರಟು ತೊಗಟೆಯ, ತೊಗಟೆ ಕಳಚದ ಮರ ಬೇಕು: ಮಾವು, ಹಲಸು, ಹುಣಸೆ, ಬೇವು ಯಾವುದಾದರೂ ಆದೀತು. ನಮ್ಮ ಸೀಮೆಗೆ ಬೇವಿನಂಥ ಮರವಿಲ್ಲ. ಚಳಿಗಾಲದ ಕೊನೆಗೆ ಎಲೆ ಉದುರಿಸಿ ಗಿಡಕ್ಕೆ ಬೆಳಕು ಕೊಡುತ್ತದೆ. ಯುಗಾದಿಗೆ ಚಿಗುರಿ ಹೂವಾಗಿ, ಬಿಸಿಲು ಏರುವ ಹೊತ್ತಿಗೆ ದಟ್ಟ ನೆರಳು ಹಿಡಿಯುತ್ತದೆ. ಕಾಂಡದ ಮೂಡಣ ಇಲ್ಲವೇ ಬಡಗಣ ಮಗ್ಗುಲಿಗೆ ಕಟ್ಟಿ. ಪಡುವಣದ ಇಳಿಬಿಸಿಲು ತಾಗಕೂಡದು. ಕೈಗೆಟುಕುವಷ್ಟೇ ಎತ್ತರವಿರಲಿ, ಇಲ್ಲವಾದರೆ ನೀರು ಹಾಕಲು ಬೇಸರ ಬರುತ್ತದೆ. ತಂತಿ ಬೇಡ, ಹಳೇ ನೂಲಿನ ಸೀರೆಯ ಪಟ್ಟಿ ಸಾಕು. ಅದು ವರ್ಷದಲ್ಲಿ ಜೀರ್ಣವಾಗಿ ಉದುರುವಷ್ಟರಲ್ಲಿ ಬೇರು ತಾನೇ ಹಿಡಿದಿರುತ್ತದೆ. ಗಿಡ ಸ್ವಲ್ಪ ಓರೆಯಾಗಿರಲಿ. ನೆಟ್ಟಗೆ ಕಟ್ಟಿದರೆ ಎಲೆಗಳ ಸುಳಿಯಲ್ಲಿ ನೀರು ನಿಂತು ಕೊಳೆಯುತ್ತದೆ.

ಮರವಿಲ್ಲದವರು ಕಟ್ಟಿಗೆ ಪಟ್ಟಿಯ ತೂಗುಬುಟ್ಟಿಯಲ್ಲಿ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ಹಾಕಿ ಕೂಡಿಸಬಹುದು. ಮಣ್ಣು ಮಾತ್ರ ಒಂದು ಹಿಡಿಯೂ ಬೇಡ.

ನೀರು

ಒಣಗಿದ ಬೇರು ಬೆಳ್ಳಿಯ ಬಣ್ಣಕ್ಕಿರುತ್ತದೆ. ಅದರ ಮೇಲೊಂದು ಸ್ಪಂಜಿನಂಥ ಪದರವಿದೆ. ನೀರು ಕುಡಿದರೆ ಹಸಿರಾಗುತ್ತದೆ. ಬೇರೆಲ್ಲ ಹಸಿರಾಗುವವರೆಗೆ ಹಾಕಿ, ಆಮೇಲೆ ತಿರುಗಿ ಬೆಳ್ಳಗಾಗಲು ಬಿಡಿ. ಇಷ್ಟು ತಿಳಿದರೆ ಮುಕ್ಕಾಲು ವಿದ್ಯೆ ಬಂದಂತೆ. ಬೇಸಿಗೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ, ಮಳೆಗಾಲದಲ್ಲಿ ಮಳೆಯಿಲ್ಲದ ದಿನ ಮಾತ್ರ, ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ ಸಾಕು. ಚಳಿಗಾಲದಲ್ಲಿ ಸ್ವಲ್ಪ ಬಾಯಾರಿದರೆ ಹೂವು ಚೆನ್ನಾಗಿ ಬರುತ್ತದೆ. ನಡು ಮಧ್ಯಾಹ್ನದ ಉರಿಬಿಸಿಲಿನಲ್ಲಿ ನೀರು ಹಾಕಬೇಡಿ.

ಸವಳು ನೀರು ಇದಕ್ಕೆ ವಿಷ. ಮನೆಯಲ್ಲಿ ನೀರು ಶುದ್ಧ ಮಾಡುವ ಯಂತ್ರವಿದ್ದರೆ ಅದು ಹೊರಹಾಕುವ ನೀರನ್ನೂ ಹಾಕಬಾರದು, ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ನಾನು ಮಾಳಿಗೆಯ ಮಳೆನೀರನ್ನು ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ ಎರಡು ಡ್ರಮ್ಮಿಗೆ ಹಿಡಿದು, ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿಡುತ್ತೇನೆ. ಒಂದು ಗಿಡಕ್ಕೆ ಬೇಕಾಗುವುದು ದಿನಕ್ಕೆ ಒಂದು ಚರಗಿ. ಎರಡು ಡ್ರಮ್ಮು ಬೇಸಿಗೆ ದಾಟಿಸುತ್ತದೆ.

ಗಾಳಿಯ ತೇವ

ನೀರಿಗಿಂತ ಇದು ಮುಖ್ಯ. ನಾರಾಯಣಪುರದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಸುತ್ತ ಭತ್ತದ ಗದ್ದೆಗಳೇನೋ ಆದವು. ಆದರೂ ಮನೆಯ ಅಂಗಳದ ಬಿಸಿಗಾಳಿ ಬಿಸಿಗಾಳಿಯೇ. ಗಿಡದ ಕೆಳಗೆ ರಂಜಣಗಿ, ಹಸಿ ಉಸುಕು, ಇಲ್ಲವೇ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ. ನೀರನ್ನು ದಿನಾ ಬದಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಪಡುವಣಕ್ಕೆ ಒಂದು ಒದ್ದೆ ಗೋಣಿಚೀಲ ಕಟ್ಟಿ. ಸುತ್ತ ನಾಲ್ಕು ಬೇರೆ ಕುಂಡಗಳಿದ್ದರೆ ಇನ್ನೂ ಒಳ್ಳೆಯದು.

ಗೊಬ್ಬರ, ರೋಗ

ಅಂಗಡಿಯಲ್ಲಿ ಸಿಗುವ, ನೀರಿನಲ್ಲಿ ಕರಗುವ 19-19-19 ಗೊಬ್ಬರವನ್ನು ಒಂದು ಲೀಟರಿಗೆ ಒಂದು ಚಿಟಿಕೆಯಷ್ಟೇ ಹಾಕಿ, ಹದಿನೈದು ದಿನಕ್ಕೊಮ್ಮೆ ಚಿಮುಕಿಸಿ. ಚಳಿಗಾಲದಲ್ಲಿ ಅದೂ ಬೇಡ. ಹೊಟ್ಟೆ ತುಂಬ ಉಣಿಸಬೇಕೆನ್ನುವ ನಮ್ಮ ಹೆಂಗಸರ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಎಲೆಯ ಅಡಿಯಲ್ಲಿ ಕಂದು ಹುರುಪೆಯಂಥ ಕೀಟ ಕಂಡರೆ ತಿಳಿ ಸಾಬೂನು ನೀರಿಗೆ ಕೆಲವು ಹನಿ ಬೇವಿನೆಣ್ಣೆ ಬೆರೆಸಿ ಬಟ್ಟೆಯಿಂದ ಒರೆಸಿ. ಎಲೆ ಕಡುಹಸಿರಾಗಿ ಸೊಂಪಾಗಿದ್ದೂ ಹೂವಿಲ್ಲವಾದರೆ ಬೆಳಕು ಸಾಲದೆಂದು ತಿಳಿಯಿರಿ. ಹಳದಿಗೆ ತಿರುಗಿ ಕೆಂಪು ಛಾಯೆ ಬಂದರೆ ಬಿಸಿಲು ಹೆಚ್ಚಾಯಿತೆಂದು ಅರ್ಥ. ಸಣ್ಣ ಸಸಿ ತಂದಿದ್ದರೆ ಮೂರ್ನಾಲ್ಕು ವರ್ಷವಾದರೂ ತಾಳ್ಮೆ ಬೇಕು. ಬಿಟ್ಟ ಹೂವು ಎರಡು ವಾರ ಕಣ್ಣು ತಂಪು ಮಾಡುತ್ತದೆ.

ಮಗಳ ಮುನ್ನೂರು ರೂಪಾಯಿಯ ಗಿಡದ ವಿಚಾರವನ್ನೂ ಹೇಳಿಬಿಡುತ್ತೇನೆ, ನಿಮ್ಮ ಮಕ್ಕಳೂ ತಂದಾರು. ಅದರ ಹೆಸರು ಟಿಲ್ಯಾಂಡ್ಸಿಯಾ. ಅಮೆರಿಕ ಖಂಡದ ಬಿಸಿ ಸೀಮೆಯದು, ಅನಾನಸ್ಸಿನ ಕುಲದ್ದೇ. ಅದರ ಬೇರು ಬರೀ ಹಿಡಿದುಕೊಳ್ಳಲಿಕ್ಕೆ. ನೀರು ಕುಡಿಯುವುದು ಎಲೆಯ ಮೇಲಿನ ಬೂದಿ ಬಣ್ಣದ ಸಣ್ಣ ಸಣ್ಣ ಹುರುಪೆಗಳಿಂದ. ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಎರಡು ಮೂರು ಸಲ, ಅರ್ಧ ಗಂಟೆ ಮಳೆನೀರಿನಲ್ಲಿ ಮುಳುಗಿಸಿಟ್ಟು, ತೆಗೆದು ಕೊಡವಿ, ತಲೆಕೆಳಗಾಗಿ ಗಾಳಿಗಿಟ್ಟು ಒಣಗಿಸಬೇಕು. ತಾಮ್ರದ ತಂತಿ, ತಾಮ್ರದ ಪಾತ್ರೆ ಅದಕ್ಕಾಗದು. ಒಂದು ಗಿಡ ಒಂದೇ ಸಲ ಹೂಬಿಟ್ಟು, ಬುಡದಲ್ಲಿ ಮರಿ ಬಿಟ್ಟು ಹೋಗುತ್ತದೆ. ನಾನು ಅದನ್ನು ಸೀತಾಳೆಯ ಪಕ್ಕದಲ್ಲೇ ಒಂದು ಕಟ್ಟಿಗೆಯ ತುಂಡಿನ ಮೇಲೆ ಕೂಡಿಸಿದ್ದೇನೆ. ಅದೂ ಪರಊರಿನದು ಪಾಪ, ಜೊತೆಗಿರಲಿ.

2008ರ ಜೂನ್ ಕೊನೆಗೆ ಅತ್ತಿ ತೀರಿಕೊಂಡರು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಆ ವರ್ಷ ಸೀತಾಳೆಗೆ ಏಳು ದಂಟು ಹೂವು. ನಮ್ಮ ಪದ್ಧತಿಯಂತೆ ಅವರನ್ನು ಕೂಡಿಸಿ ವಿಭೂತಿ ಹಚ್ಚಿದ ಮೇಲೆ, ನಾನು ಹಿತ್ತಲಿಗೆ ಹೋಗಿ ಏಳೂ ದಂಟು ಮುರಿದು ತಂದೆ. ಆರನ್ನು ಕೊರಳಿಗೆ ಹಾಕಿದೆ. ಒಂದನ್ನು ತುರುಬಿಗೆ ಸುತ್ತಿದೆ. ಹಿರಿಯರೊಬ್ಬರು “ತಲಿಗಿ ಬ್ಯಾಡವ್ವ,” ಅಂದರು. ನಾನು ತೆಗೆಯಲಿಲ್ಲ. ಇವರೂ “ಇರಲಿ ಬಿಡ್ರಿ,” ಅಂದರು. ಇಪ್ಪತ್ತಾರು ವರ್ಷದ ಮೇಲೆ ಅತ್ತಿ ಹೂವು ಮುಡಿದರು. ಅವರು ಜೀವದಿಂದಿರುವಾಗಲೇ ನಾನು ಇನ್ನೊಂದು ಸ್ವಲ್ಪ ಒತ್ತಾಯ ಮಾಡಬೇಕಿತ್ತೆಂದು ಈಗಲೂ ಅನಿಸುತ್ತದೆ. ನಿಮ್ಮ ಮನೆಯಲ್ಲೂ ಹೂವು ಬಿಟ್ಟ ಹಿರಿಯರಿದ್ದರೆ, ದಯಮಾಡಿ ಕಾಯಬೇಡಿ.

ಇಷ್ಟು ವರ್ಷದಲ್ಲಿ ಎಂಟು ಮರಿ ಬೇರೆ ಮನೆಗಳಿಗೆ ಹೋಗಿವೆ. ಸುರಪುರದ ನಾದಿನಿಯ ಮನೆಯ ಹುಣಸೆ ಮರದಲ್ಲಿ ಒಂದು, ಯಾದಗಿರಿಯ ಗೆಳತಿಯ ಮನೆಯಲ್ಲಿ ಒಂದು, ಶಿರಸಿಗೇ ತಿರುಗಿ ಹೋದದ್ದು ಒಂದು. ತಮ್ಮನ ಹೊಸ ಮನೆಯ ಅಂಗಳದ ಎಳೆಯ ಮಾವಿನ ಮರಕ್ಕೆ ನಾನೇ ಹೋಗಿ ಕಟ್ಟಿ ಬಂದೆ. ಎರಡು ಬದುಕಲಿಲ್ಲ. ಮಣ್ಣಿಗೆ ನೆಟ್ಟಿದ್ದರಂತೆ. ನಾನು ಬೈಯಲಿಲ್ಲ, ಮತ್ತೊಂದು ಕೊಟ್ಟೆ.

ಈ ಸಲ ಬೆಂಗಳೂರಿಗೆ ಹೊರಟ ಮಗಳು ತಾನೇ ಕೇಳಿದಳು: “ಅಮ್ಮಾ, ನನಗೂ ಒಂದು ಮರಿ ಕೊಡ್ತೀ? ಬಾಲ್ಕನಿಯಾಗ ಇಡ್ತೀನಿ.”

ಮೂರು ಬೇರಿದ್ದ ಮರಿಯೊಂದನ್ನು ಬಿಡಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದೆ. “ಮಣ್ಣಿಗೆ ಹಾಕಬೇಡ,” ಅಂದೆ. ಆಮೇಲೆ ನೆನಪಾಗಿ ಇನ್ನೊಂದು ಮಾತು ಸೇರಿಸಿದೆ. “ಸತ್ತರ ಸತ್ತದಂತ ಹೇಳು. ಚೆನ್ನಾಗದ ಅಂತ ಸುಳ್ಳು ಹೇಳಬ್ಯಾಡ. ಇನ್ನೊಂದು ಕೊಡ್ತೀನಿ.”